ಎರಡು ಗಂಟೆಯ ರಜೆ, ಒಂದು ಕೊಬ್ಬರಿ ಮೂಟೆ

ಗೆಳತಿಯರೇ, ಇವತ್ತು ನನಗೆ ಎರಡು ಗಂಟೆ ರಜೆ ಸಿಕ್ಕಿತ್ತು. ಮಗಳಿಗೆ ತಾನಾಗಿ ಕೆಮ್ಮಲು ಬರುವುದಿಲ್ಲ. ಕಫ ಕಟ್ಟದಂತೆ ಗಳಿಗೆಗೊಮ್ಮೆ ಬೆನ್ನು ತಟ್ಟುತ್ತಿರಬೇಕು. ಪಕ್ಕದ ಮನೆಯ ಪದ್ಮಾವತಮ್ಮ ಅದನ್ನು ನನ್ನಿಂದ ಕಲಿತುಕೊಂಡು, "ನಾನಿದೀನಿ, ನೀನು ಹೊರಗೆ ನಡಿ" ಎಂದು ಕಳಿಸಿಯೇ ಬಿಟ್ಟರು.

ಹಳೇಬೀಡಿನ ಕೆರೆ ಏರಿಯ ಮೇಲೆ, ಅರಸೀಕೆರೆ ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರ ಪಕ್ಕ ಕುಳಿತೆ. ಬಿಸಿಲಲ್ಲಿ ನೀರು ಮೆಲ್ಲಗೆ ತೂಗಾಡುತ್ತಿತ್ತು. ಕಣ್ಣು ತಾನೇ ಮುಚ್ಚಿತು.

"ಯಾಕವ್ವ, ನನ್ ಕೊಬ್ರಿ ಮೂಟೆ ತಟ್ತಾ ಇದೀಯ?"

ನಾಚಿಕೊಂಡು ಕಾರಣ ಹೇಳಿದೆ. ಅಜ್ಜಿ ಮೂಟೆಯನ್ನು ನನ್ನತ್ತ ಸರಿಸಿದರು. "ಒರಗ್ಕೊಂಡು ಮಲಕ್ಕೋ. ಬಸ್ ಬಂದಾಗ ಎಬ್ಬಿಸ್ತೀನಿ."

ಎಚ್ಚರವಾದಾಗ ಮರದ ನೆರಳು ನೀರಿಗೆ ಇಳಿದಿತ್ತು. ಅಜ್ಜಿ ಅಲ್ಲೇ ಕುಳಿತಿದ್ದರು.

"ಬಸ್ ಬರ್ಲಿಲ್ವಾ ಅಜ್ಜಿ?"

"ಎರಡು ಹೋದ್ವು. ನಿನ್ ಕೈ ಆಗ್ತಾನೆ ತಟ್ಟೋದು ನಿಲ್ಸಿತ್ತು. ಎಬ್ಬಿಸೋಕೆ ಮನಸ್ ಬರ್ಲಿಲ್ಲ."

ಸಂಜೆ ನಮ್ಮ ಯಜಮಾನರು ಹತ್ತಿರ ಬಂದು ನನ್ನ ಕೂದಲು ಮೂಸಿದರು. "ತಲೆಗೆ ಕೊಬ್ರಿ ಎಣ್ಣೆ ಹಚ್ಕೊಳ್ಳೋಷ್ಟು ಪುರುಸೊತ್ತು ಸಿಕ್ತಾ ನಿಂಗೆ?"

"ಒಂದು ಮೂಟೆಯಷ್ಟು ಸಿಕ್ತು ಕಣ್ರೀ" ಎಂದೆ.