ಮೊದಲ ಪೆಟ್ಟು ಹಾಕಿದವನು

ಚೆನ್ನಯ ಕಾರ್ಕಳದ ಕಡೆಯವನು, ಡೊಂಬಿವಲಿಯ ನಮ್ಮ ಫ್ಲಾಟುಗಳ ಸೊಸೈಟಿಯ ವಾಚ್‌ಮನ್. ಹೆಂಡತಿ ಸತ್ತ ಮೇಲೆ ಮೆಟ್ಟಿಲಡಿಯ ಕೋಣೆಯಲ್ಲೇ ಮಗಳು ರಮಿತಾಳನ್ನು ಸಾಕಿ ಮದುವೆ ಮಾಡಿಕೊಟ್ಟ. ಅಳಿಯ ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ದುಡಿದು ಗೋದಾಮಿನಲ್ಲೇ ಮಲಗುವವನು. ಹಾಗಾಗಿ 2011ರಲ್ಲಿ ಅವಳು ಚೊಚ್ಚಲ ಹೆರಿಗೆಗೆ ಅಪ್ಪನ ಕೋಣೆಗೇ ಬಂದಳು.

ಆ ವರ್ಷವೇ ಅಂಗಳದ ಅತ್ತಿಮರದ ಬೇರು ನೀರಿನ ಟಾಂಕಿಯನ್ನು ಸೀಳಿತು. ಕಡಿಯಲು ಪಾಲಿಕೆಯ ಪರವಾನಗಿಯೂ ಬಂತು. ಮೊದಲ ಪೆಟ್ಟು ಹಾಕುವವರು ಯಾರು? ಮರಾಠಿಯವರು ಅದರಲ್ಲಿ ದತ್ತಗುರು ಇದ್ದಾನೆಂದರು. ಜೈನರು ಜೀವಹಿಂಸೆ ಎಂದರು. ವಸಯಿಯ ಕ್ರಿಸ್ತಾನರು ದೇವರು ಊದಿದ ಉಸಿರೆಂದರು. ಗರಗಸದ ಕೂಲಿಯವರು ಕೂಡ, ಮನೆಯವರು ಶುರುಮಾಡಿಕೊಟ್ಟರೆ ಮಾತ್ರ ತಾವು ಕೈಹಾಕುವುದೆಂದು ಬೀಡಿ ಹಚ್ಚಿ ಕೂತರು. ಗಾಡಿ ನಿಲ್ಲಿಸುವ ಜಾಗಕ್ಕೆ ದಿನಾ ಕಚ್ಚಾಡುವ ಜನ, ಮರಕ್ಕೆ ಜೀವವಿದೆ ಎಂಬುದರಲ್ಲಿ ಒಂದೇ ಬಾಯಾದರು. ಅದನ್ನು ತೆಗೆಯುವ ಪಾಪ ಬಡವನ ತಲೆಗೆ ಎಂಬುದರಲ್ಲೂ.

ಸೆಕ್ರೆಟರಿ ಭುಜಂಗ, ನಮ್ಮ ಉಡುಪಿಯ ಹೋಟೆಲಿನವನೇ, ಚೆನ್ನಯನನ್ನು ಕರೆಸಿದ.

"ಒಂದೇ ಪೆಟ್ಟು ಮಾರಾಯ. ಬಾಕಿದ್ದು ಅವ್ರು ನೋಡ್ಕೊಳ್ತಾರೆ."

"ಬಸ್ರಿ ಇರುವ ಮನೆಯವ ಹಸಿಮರಕ್ಕೆ ಕೊಡಲಿ ಮುಟ್ಟಿಸ್ಲಿಕ್ಕಿಲ್ಲ ಧಣಿ. ಹೊಟ್ಟೆಯಲ್ಲಿದ್ದ ಜೀವಕ್ಕೆ ತಾಗ್ತದೆ."

"ಅದು ಊರಿನ ಮರಕ್ಕೆ. ಇದು ಡೊಂಬಿವಲಿಯದ್ದು, ಇದಕ್ಕೆ ತುಳು ಎಲ್ಲಿ ಬರ್ತದೆ?"

ಸುತ್ತ ನಿಂತವರು ನಕ್ಕರು. ನಗು ಆರುವ ಮೊದಲೇ ಭುಜಂಗ ಹೇಳಿದ: "ಆಗುದಿಲ್ವಾದ್ರೆ ನಾಳೆ ಕೋಣೆ ಖಾಲಿ ಮಾಡು."

ತುಂಬು ಬಸುರಿಯನ್ನು ಬೀದಿಗೆ ಇಳಿಸುವುದು ಹೇಗೆ? ಚೆನ್ನಯ ಅಂಗೈಯನ್ನು ಮರಕ್ಕೊತ್ತಿ, "ಸಿಟ್ಟಿದ್ರೆ ನನ್ನ ಮೇಲೆ ಇರ್ಲಿ," ಎಂದು ಕೊಡಲಿ ಬೀಸಿದ. ಅತ್ತಿಯ ಹಾಲು ಒಸರಿ ತೊಗಟೆಯ ಮೇಲೆ ಬಿಳಿಯಾಗಿ ಇಳಿಯಿತು. ಬಾಗಿಲಲ್ಲಿದ್ದ ರಮಿತಾ ಹೊಟ್ಟೆಗೆ ಸೆರಗು ಮುಚ್ಚಿಕೊಂಡು ಒಳಸರಿದಳು. ಆ ಸಂಜೆಯೇ ಗಂಡನನ್ನು ಕರೆಸಿ, ಕಳಂಬೋಲಿಯಲ್ಲಿ ಅವನ ಗುರುತಿನವರ ತಗಡಿನ ಮನೆಗೆ ಹೊರಟುಹೋದಳು.

ಮಗು ಗುಂಡುಕಲ್ಲಿನ ಹಾಗೆ ಹುಟ್ಟಿತು. ಚೆನ್ನಯ ಹೊಸ ಬಟ್ಟೆ ಹಿಡಿದು ನೋಡಲು ಹೋದ.

"ಅಲ್ಲೇ ನಿಲ್ಲಿ ಅಪ್ಪಾ. ಮಗುವನ್ನು ಎತ್ಕೊಳ್ಳುದು ಬೇಡ."

"ಕೋಣೆ ಉಳಿಸಿದ್ದು ನಿನಗಾಗಿ ಅಲ್ವಾ ಮಗಾ?"

"ನಾನು ಕೇಳಿದ್ನಾ?"

ಬಟ್ಟೆಯನ್ನು ಹೊಸ್ತಿಲಲ್ಲಿಟ್ಟು ತಿರುಗಿ ಬಂದ.

ಮಳೆಗಾಲ ಕಳೆದ ಮೇಲೆ ಪಕ್ಕದ ಸೊಸೈಟಿಯವರಿಗೂ ಒಂದು ಅರಳಿಮರ ಅಡ್ಡವಾಯಿತು. ಭುಜಂಗ ಧಾರಾಳವಾಗಿ, "ನಮ್ಮ ಚೆನ್ನಯನನ್ನು ಕಳಿಸುವ. ಹೇಗೂ ಅವನಿಗೆ ತಾಗುವುದೆಲ್ಲ ತಾಗಿ ಆಗಿದೆ," ಎಂದ.

ಚೆನ್ನಯ, ಕೊಡಲಿ ಎಲ್ಲಿದೆ ಎಂದಷ್ಟೇ ಕೇಳಿದ.