ನಕ್ಷೆಯಲ್ಲಿ ಇಲ್ಲದ ಕಿಟಕಿ

ಮೊನ್ನೆ ಮೇಜಿನ ಡ್ರಾವರ್ ಎಳೆದಾಗ ಕಪ್ಪು ಇನ್ಸುಲೇಶನ್ ಟೇಪಿನ ಸುರುಳಿಯೊಂದು ಸಿಕ್ಕಿತು. ಸೆಖೆಗೆ ಅಂಟು ಕರಗಿ, ಸೀಮೆಎಣ್ಣೆಯಂಥ ವಾಸನೆ... ವೈರಿಂಗ್ ಕಾಕಾ ಅವರ ಅಂಗಿಯ ಜೇಬಿನಿಂದ ಸದಾ ಬರುತ್ತಿದ್ದ ವಾಸನೆ ಅದು.

ಓದು ಮುಗಿಸಿ ವಿಜಯಪುರಕ್ಕೆ ಮರಳಿದ ನನಗೆ ಸಿಕ್ಕ ಮೊದಲ ಕೆಲಸ, ಜೋರಾಪುರ ಪೇಟೆಯ ಅಂಚಿನಲ್ಲಿ ಎದ್ದ ಹೊಸ ಆಫೀಸು ಕಟ್ಟಡದ ಮುಂಭಾಗಕ್ಕೆ ಬೆಳಕಿನ ವಿನ್ಯಾಸ ಮಾಡುವುದು. ನಾನು ಬರೆದ ನಕ್ಷೆ ನೋಡಿ ದೀಪ ಕೂರಿಸುವವರು ಕಾಕಾ. ಅರವತ್ತು ದಾಟಿದ್ದರು. "ಅಕ್ಕಾರ, ನೀವು ಕಾಗದದಾಗ ಹಚ್ಚಿದ ಲೈಟಿಗೆ ಹುಳಾ ಬರಂಗಿಲ್ಲ. ನಾ ಹಚ್ಚಿದ್ದಕ್ಕ ಬರ್ತಾವ ನೋಡ್ರಿ," ಎಂದು ಕಾಡಿಸುತ್ತಿದ್ದರು.

ನೆಲದಿಂದ ಮೇಲಕ್ಕೆ ಬೆಳಕು ಚೆಲ್ಲುವ ದೀಪಗಳನ್ನು ಇಟ್ಟಿದ್ದೆ. ಮುಂಭಾಗದ ತುಂಬ ಕನ್ನಡಿಯಂಥ ಗಾಜು. ಕೂರಿಸುವ ದಿನ ಅವರು ಒಮ್ಮೆ ಕೇಳಿದರು, "ಗಾಜಿಗೆ ಬಡದ ಬೆಳಕ ಮುಂದ ಎಲ್ಲಿ ಹೋಕ್ಕೈತ್ರಿ?" ನಾನು ನಕ್ಷೆ ತೋರಿಸಿ, ಕೋನ ಸರಿಯಿದೆ ಎಂದೆ. ನಕ್ಷೆಯಲ್ಲಿ ನಮ್ಮ ಕಟ್ಟಡವಿತ್ತು, ರಸ್ತೆಯಿತ್ತು. ಅದರಾಚೆ ಖಾಲಿ ಕಾಗದ. ಅವರು ಆ ಖಾಲಿ ಜಾಗವನ್ನು ಸ್ವಲ್ಪ ಹೊತ್ತು ನೋಡಿ, ಸ್ಕ್ರೂ ತಿರುಗಿಸತೊಡಗಿದರು.

ತಿಂಗಳ ಬಳಿಕ ಕಟ್ಟಡದ ಫೋಟೊ ಬೇಕಾಯಿತು. ಇಡೀ ಮುಂಭಾಗ ಕಾಣುವುದು ಎದುರುಮನೆಯ ಮಾಳಿಗೆಯಿಂದ ಮಾತ್ರ. ಮುಸ್ಸಂಜೆಗೆ ಫೋಟೊಗ್ರಾಫರನೊಂದಿಗೆ ಹೋಗಿ ಬಾಗಿಲು ತಟ್ಟಿದೆ. ತೆರೆದವರು ಕಾಕಾ.

"ಬರ್ರಿ ಅಕ್ಕಾರ, ನಮ್ಮದ ಮನಿ."

ಮೇಲೆ ಒಂದೇ ಕೋಣೆ, ಒಂದೇ ಕಿಟಕಿ. ಅದಕ್ಕೆ ರಟ್ಟು ಬಡಿದು, ಸಂದುಗಳಿಗೆಲ್ಲ ಟೇಪು ಅಂಟಿಸಿದ್ದರು. ಏಪ್ರಿಲ್ ತಿಂಗಳು; ಒಳಗೆ ಉಸಿರು ಕಟ್ಟುತ್ತಿತ್ತು. ಹಾಸಿಗೆ ಹಿಡಿದಿದ್ದ ಅವರ ಹೆಂಡತಿ ಒದ್ದೆ ಸೆರಗನ್ನು ಕಣ್ಣಿಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದರು. ಕಾಕಾ ನಮಗಾಗಿ ರಟ್ಟು ಬಿಚ್ಚಿದರು. ನನ್ನ ಬೆಳಕು ಒಳಗೆ ಬಂದು ಆಕೆಯ ಬೆನ್ನಿನ ಮೇಲೆ ಬಿತ್ತು.

"ಮೊದ್ಲ ಯಾಕ ಹೇಳಲಿಲ್ರಿ ಕಾಕಾ?"

"ಹೇಳಿದ್ರ ಕೆಲಸಾ ಬ್ಯಾರೇದವರಿಗೆ ಹೋಕ್ಕಿತ್ತು. ಬೆಳಕೇನ್ ತಪ್ಪತಿತ್ತಾ?"

ಹಾಸಿಗೆಯಿಂದ ಆಕೆಯ ದನಿ ಬಂತು: "ಅಲ್ಲಿ ಹಚ್ಚಿದವರೂ ಇವರ, ಇಲ್ಲಿ ಕಿಡಕಿ ಮುಚ್ಚಿದವರೂ ಇವರ. ಭಾಳ ಶ್ಯಾಣ್ಯಾರು ನೋಡವಾ!"

ಕಾಕಾ ನಕ್ಕರು. ಫೋಟೊ ತೆಗೆದಾದ ಮೇಲೆ ರಟ್ಟನ್ನು ಮತ್ತೆ ಬಡಿದರು.

ದೀಪಗಳ ಮುಖ ತಿರುಗಿಸಲು ಕಟ್ಟಡದ ಮಾಲೀಕರನ್ನು ಮೂರು ಸಲ ಕೇಳಿದೆ. "ಈಗ ಚೊಲೊ ಕಾಣಾಕತ್ತೈತಿ, ಮುಟ್ಟಬ್ಯಾಡ್ರಿ," ಎಂದರು. ದಿನವೂ ಸಂಜೆ ಆರೂವರೆಗೆ ದೀಪಗಳು ತಾವೇ ಹತ್ತುತ್ತಿದ್ದವು. ನಾನು ಆ ರಸ್ತೆ ಬಿಟ್ಟು ಸುತ್ತಿ ಮನೆಗೆ ಹೋಗತೊಡಗಿದೆ... ಮಳೆಗಾಲದ ಹೊತ್ತಿಗೆ ಕಾಕಾ ಹೆಂಡತಿಯನ್ನು ಕರೆದುಕೊಂಡು ನಿಡೋಣಿಯ ಮಗಳ ಮನೆಗೆ ಹೋದರು. ಕಾಕಾ ಅಲ್ಲೇ ತೀರಿಕೊಂಡರೆಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ತಪ್ಪಾಯಿತೆಂದು ಒಮ್ಮೆಯಾದರೂ ಹೇಳಬೇಕೆಂದಿದ್ದೆ. ಹೇಳಲಿಲ್ಲ.

ಆ ಫೋಟೊ ಈಗ ನಮ್ಮ ಕಚೇರಿಯ ಗೋಡೆಯ ಮೇಲಿದೆ. ಕಟ್ಟಡ ಕಟ್ಟಿಸುವವರು ಬಂದರೆ ಅದನ್ನೇ ಬೆರಳು ಮಾಡಿ ತೋರಿಸುತ್ತಾರೆ. ನಿನ್ನೆಯೂ ಒಬ್ಬರು, "ನಮ್ಮ ಬಿಲ್ಡಿಂಗಿಗೂ ಹಿಂಗ ಮಾಡ್ರಿ ಮೇಡಂ," ಎಂದರು. ಎದುರಿಗೆ ಏನಿದೆ ಎಂದು ಕೇಳಿದೆ.

"ಏನಿಲ್ರಿ. ಮನಿ ಅದಾವ, ಅಷ್ಟ."