ತಡೆದುಕೊಂಡ ದಿನಗಳು

ಮೂರು ತಿಂಗಳಿಂದ ನಾನು ಮುಟ್ಟಾಗಿರಲಿಲ್ಲ. ಬಸಿರಲ್ಲವೆಂದು ಎರಡು ಸಲ ಪರೀಕ್ಷೆ ಮಾಡಿಕೊಂಡಿದ್ದೆ. ನಂಜನಗೂಡಿನಿಂದ ಟಿ. ನರಸೀಪುರದ ಹೈಸ್ಕೂಲಿಗೆ ದಿನವೂ ಬಸ್ಸಿನಲ್ಲಿ ಹೋಗಿ ಪಾಠ ಮಾಡುವವಳು ನಾನು. ದಾರಿಯುದ್ದಕ್ಕೂ ಮನಸ್ಸು ತಾರೀಖುಗಳನ್ನೇ ಎಣಿಸುತ್ತಿತ್ತು. ತರಗತಿಯಲ್ಲಿ ಬೋರ್ಡಿನ ಮೇಲೆ ಅರ್ಧ ವಾಕ್ಯ ಬರೆದು, ಉಳಿದದ್ದು ಮರೆತು ನಿಂತುಬಿಡುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ ನಮ್ಮೂರಿನ ಆಯುರ್ವೇದ ವೈದ್ಯೆಯೊಬ್ಬರ ಬಳಿ ಹೋದೆ. ಅಮ್ಮನ ವಯಸ್ಸಿನವರು. ನಾಡಿ ಹಿಡಿದು, ನಾಲಿಗೆ ನೋಡಿ, ಊಟ ನಿದ್ದೆ ವಿಚಾರಿಸಿ, "ಬೆಳಿಗ್ಗೆ ಮನೆ ಬಿಟ್ಟ ಮೇಲೆ ಒಂದಕ್ಕೆ ಎಷ್ಟು ಸಲ ಹೋಗ್ತೀಯಮ್ಮ?" ಎಂದು ಕೇಳಿದರು.

ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲವೆಂದು ಬೀಗ ಬಿದ್ದು ವರ್ಷವಾಗಿತ್ತು. ಮೇಷ್ಟ್ರುಗಳು ಬಳಸುತ್ತಿದ್ದ ಶೌಚಾಲಯಕ್ಕೆ ಚಿಲಕವೇ ಇರಲಿಲ್ಲ.

"ಸಂಜೆ ಮನೆಗೆ ಬಂದ ಮೇಲೇನೇ, ಮೇಡಂ."

"ಅಪಾನ ಅಂತ ಒಂದು ವಾಯು. ಮಲ, ಮೂತ್ರ, ಮುಟ್ಟು ಎಲ್ಲಾನೂ ಕೆಳಕ್ಕೆ ಕಳಿಸೋದು ಅದೇ. ದಿನಾ ತಡೆದ್ರೆ ಅದು ದಿಕ್ಕು ತಪ್ಪುತ್ತೆ. ಮುಟ್ಟಿನ ದಿನಗಳು ವಾತದ್ದು, ಆಮೇಲಿನ ದಿನಗಳು ಕಫದ್ದು, ಕೊನೇವು ಪಿತ್ತದ್ದು. ಒಂದು ಕೆಟ್ರೆ ಮಿಕ್ಕಿದ್ದೂ ಏರುಪೇರು."

ಎಳ್ಳಿನ ಕಷಾಯಕ್ಕೆ ಬೆಲ್ಲ ಹಾಕಿ ಕುಡಿಯಲು ಹೇಳಿದರು. ಥೈರಾಯ್ಡ್ ಪರೀಕ್ಷೆಗೂ ಬರೆದುಕೊಟ್ಟರು. "ತಡೆಯೋದು ಬಿಡದೆ ಕಷಾಯ ಕುಡಿದ್ರೆ ಏನೂ ಆಗಲ್ಲ," ಎಂದರು.

ಸೋಮವಾರ ಊಟದ ಹೊತ್ತಿಗೆ ನನ್ನ ಕಣ್ಣು ಹುಡುಗಿಯರ ಮೇಲೇ ಇತ್ತು. ಬಾಟಲಿ ಎತ್ತಿ ತುಟಿ ಒದ್ದೆ ಮಾಡಿಕೊಂಡು ಕೆಳಗಿಡುತ್ತಿದ್ದರು. ಹತ್ತನೇ ತರಗತಿಯವಳೊಬ್ಬಳನ್ನು ಕೇಳಿದೆ, "ಸರಿಯಾಗಿ ನೀರು ಕುಡಿಯೋದಲ್ವೇನೇ?"

"ಕುಡುದ್ರೆ ಎಲ್ಲಿಗೋಗದು ಮಿಸ್? ಮುಟ್ಟಾದಾಗಂತೂ ನಾವು ಸ್ಕೂಲ್ಗೇ ಬರಕಿಲ್ಲ."

ವರ್ಷವಿಡೀ ಆ ಬೀಗದ ಮುಂದೆಯೇ ಓಡಾಡಿದ್ದೆ. ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ನೇರ ಹೆಡ್‌ಮಾಸ್ಟರ ಕೋಣೆಗೆ ಹೋದೆ.

"ಮೋಟಾರ್ ಕೆಟ್ಟದೆ, ಅರ್ಜಿ ಕೊಟ್ಟಿದೀನಲ್ಲ ಮೇಡಂ," ಎಂದರು.

"ದಿನಾ ತಡ್ಕೊಂಡು ತಡ್ಕೊಂಡು ನನ್ನ ಮುಟ್ಟೇ ನಿಂತುಹೋಗಿದೆ ಸಾರ್. ಈ ಮಕ್ಕಳ ಗತಿ ಏನು?"

ಅವರು ಕಿಟಕಿಯತ್ತ ಮುಖ ತಿರುಗಿಸಿದರು. ಆಮೇಲೆ ಮೇಜಿನ ಡ್ರಾಯರಿನಿಂದ ಬೀಗದ ಕೈ ತೆಗೆದು ಮುಂದಿಟ್ಟರು. ಮೋಟಾರ್ ರಿಪೇರಿಯಾಗುವವರೆಗೆ ಹುಡುಗಿಯರೂ ನಾನೂ ರಸ್ತೆಬದಿಯ ನೀರಿನ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತೆವು.

ಥೈರಾಯ್ಡ್ ಸರಿಯಿತ್ತು. ಐದು ವಾರದ ಮೇಲೆ ಒಂದು ಬೆಳಿಗ್ಗೆ ಬಸ್ಸಿನಲ್ಲೇ ಕಿಬ್ಬೊಟ್ಟೆ ಹಿಡಿಯಿತು. ಅಷ್ಟು ಸಂತೋಷದಿಂದ ನಾನೆಂದೂ ಮುಟ್ಟಾಗಿರಲಿಲ್ಲ. ಕಷಾಯದಿಂದಲೋ, ತಡೆಯುವುದು ಬಿಟ್ಟದ್ದರಿಂದಲೋ ಹೇಳಲಾರೆ. ಮುಂದಿನ ತಿಂಗಳು ಮತ್ತೆ ಎಂಟು ದಿನ ತಡವಾಯಿತು. ವೈದ್ಯೆ ಇನ್ನೆರಡು ತಿಂಗಳು ನೋಡೋಣ ಎಂದಿದ್ದಾರೆ. ನನಗೆ ಕಾಯುವುದೇ ಕಷ್ಟ.